ಟೆಸ್ಟ್ ಪೇಜ್ ಹೋದ ಕಡೆ

ದೀಪ ಆರಿಸಬೇಡಿ, ಹಾಗೇ ಇರಲಿ. ಇದು ನಮ್ಮ ಚಿಕ್ಕಮ್ಮನ ಮಗ ಹರೀಶನಿಗೆ ಆದದ್ದು. ಕೇಣಿಚಿರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನಲ್ಲ, ಅವನಿಗೇ. ದೆವ್ವ ಅಂದರೆ ಹಲ್ಲು ಬಿಡುತ್ತಿದ್ದವನು, ಈಗ ಕೇಳಿ ನೋಡಿ.

ಆ ರಾತ್ರಿ ಕೊನೇ ಬಸ್ಸು ತಪ್ಪಿ ಗದ್ದೆ ದಾರಿಯಲ್ಲಿ ನಡೆದು ಬರುತ್ತಿದ್ದ. ಆಲದ ಮರದಡಿಯ ಹಾಳು ಬಾವಿ ದಾಟುವಾಗ ಒಳಗಿಂದ ಸದ್ದು... ಗರ್ರ್... ಟಕ್. ಗರ್ರ್... ಟಕ್. ಆಮೇಲೆ ಹಾಳೆ ಜಾರಿದ ಸದ್ದು, ಸರ್ರ್...

ಪ್ರಿಂಟರ್! ದಿನವೂ ಕೇಳುವ ಕಿವಿ, ತಪ್ಪುವುದುಂಟೇ? ಹರೀಶನಿಗೆ ಸಂಜೆ ಆದದ್ದು ನೆನಪಾಯಿತು.

ಸಂಜೆ ಒಂದು ಸೊಸೈಟಿ ಆಫೀಸಿನ ಕಂಪ್ಯೂಟರಿಗೆ ಹೊಸ ನೆಟ್‌ವರ್ಕ್ ಪ್ರಿಂಟರ್ ಸೇರಿಸುತ್ತಿದ್ದ. ಹುಡುಕಿದರೆ ಎರಡು ಹೆಸರು ಬಂದವು. ಒಂದು ಹೊಸದು. ಇನ್ನೊಂದು 'ಅಚ್ಯುತನ್'. ಪಕ್ಕದ ಕೋಣೆಯದಿರಬೇಕು ಅಂದುಕೊಂಡು ಅದನ್ನೂ ಸೇರಿಸಿ ಟೆಸ್ಟ್ ಪೇಜ್ ಕಳಿಸಿದ. ಹಾಳೆಯ ತಲೆಯಲ್ಲಿ ತನ್ನ ಹೆಸರು ಹಾಕಿ ಕಳಿಸುವುದು ಅವನ ರೂಢಿ. ಪ್ರಿಂಟ್ ಆಯಿತು ಅಂತ ತೋರಿಸಿತು. ಹಾಳೆ ಮಾತ್ರ ಎಲ್ಲೂ ಬರಲಿಲ್ಲ.

ಅಲ್ಲಿ ಕೆಲಸ ಮಾಡುವ ಮಲಯಾಳಿ ಹುಡುಗಿ ಸಜಿತ ಬಗ್ಗಿ ನೋಡಿ ಬಿಳಿಚಿಕೊಂಡಳು.

"ಹರೀಶೇಟ್ಟಾ... ಈ ಆಫೀಸಿನಲ್ಲಿದ್ದ ಅಚ್ಯುತನ್ ಸಾರ್ ಹೋದ ವರ್ಷವೇ ಮರಿಚ್ಚು, ತೀರಿಕೊಂಡ್ರು."

"ಅವರ ಪ್ರಿಂಟರ್?"

"ಸತ್ತವರ ಚಾಪೆ ಎಸೆಯಲ್ವಾ, ಹಾಗೇ... ಆಲದ ಬಾವಿಗೆ ಹಾಕಿಸಿದ್ರು."

ಈಗ ಆ ಬಾವಿಯೊಳಗಿಂದ ಯಾರೋ ಅಕ್ಷರ ಕೂಡಿಸಿ ಓದಿದರು. "ಹ... ರೀ... ಶ್..."

ರಾತ್ರಿ ಒಂದೇ ಕೂಗಿಗೆ ಓಗೊಡಬಾರದು, ಮೂರು ಸಲ ಕರೆಯುವ ತನಕ ಸುಮ್ಮನಿರಬೇಕು. ಹರೀಶ ಬಾಯಿ ಮುಚ್ಚಿ ನಿಂತ. ಎರಡನೇ ಕೂಗು ಬರಲೇ ಇಲ್ಲ. ಒದ್ದೆ ಹೆಜ್ಜೆಯ ಸದ್ದು ಮಾತ್ರ... ಪಚಕ್, ಪಚಕ್... ಅವನ ಮನೆ ಕಡೆಗೆ ಹೋಯಿತು. ಮನೆಯಲ್ಲಿ ಹೆಂಡತಿ ಪ್ರೇಮಲತಾ ಒಬ್ಬಳೇ, ತುಂಬು ಬಸುರಿ. ಹರೀಶ ಬಿದ್ದೆನೋ ಕೆಟ್ಟೆನೋ ಅಂತ ಓಡಿದ.

ಮುಂಬಾಗಿಲು ಬಡಿದ. ಅವಳೇ ತೆಗೆದಳು. ಹೋದ ಜೀವ ಬಂದಂತಾಯಿತು.

"ಅಯ್ಯೋ, ನೀವು ಯಾವಾಗ ಹೊರಗೆ ಹೋದ್ರಿ?"

"ಏನಂದೆ?"

"ಆಗಲೇ ಹಿತ್ತಲ ಬಾಗಿಲಲ್ಲಿ ಕರೆದ್ರಲ್ಲ. ಯಾರು ಅಂದ್ರೆ 'ಹರೀಶ್' ಅಂದ್ರಿ. ಹೆಂಡ್ತಿಗೂ ಹೆಸರು ಹೇಳ್ತಾರಾ ಅಂತ ನಗು ಬಂತು. ಒಳಗೆ ಬಿಟ್ಟು ಚಿಲಕ ಹಾಕಿದೆ, ಊಟಕ್ಕೂ ಕೂತ್ರಿ..." ಅವಳ ದನಿ ಇಳಿಯಿತು. "ಹಾಗಾದ್ರೆ ಒಳಗೆ... ಯಾರು?"

ಅವನು ಅವಳನ್ನು ಅಂಗಳಕ್ಕೆ ಎಳೆದುಕೊಂಡು ಕಿರುಚಿದ. ಪಕ್ಕದ ಮನೆಯ ನಾವೆಲ್ಲ ಟಾರ್ಚ್ ಹಿಡಿದು ಓಡಿದೆವು. ತಟ್ಟೆಯಲ್ಲಿ ಬರೀ ಅನ್ನ ಖಾಲಿಯಾಗಿತ್ತು. ಸಾರು, ಉಪ್ಪಿನಕಾಯಿ ಮುಟ್ಟಿರಲಿಲ್ಲ, ದೆವ್ವ ಉಪ್ಪು ಮುಟ್ಟುವುದಿಲ್ಲವಲ್ಲ. ಅಟ್ಟ, ಮಂಚದಡಿ, ಎಲ್ಲ ನೋಡಿದೆವು. ಯಾರೂ ಇಲ್ಲ.

ಪ್ರೇಮಲತಾ ಮತ್ತೆ ಆ ಮನೆಗೆ ಕಾಲಿಡಲಿಲ್ಲ, ಮಗು ಅವಳ ತವರಲ್ಲೇ ಹುಟ್ಟಿತು. ನೀವು ನಂಬಿ, ಬಿಡಿ. ಆ ರಾತ್ರಿ ಮುಂಬಾಗಿಲ ಎದುರೇ ಅವರಿಬ್ಬರೂ ನಿಂತಿದ್ದರು, ಕಿಟಕಿಗಳಿಗೆಲ್ಲ ಸರಳಿತ್ತು. ಹಿತ್ತಲ ಬಾಗಿಲನ್ನು ನಾನೇ ಎಳೆದು ನೋಡಿದೆ. ಚಿಲಕ ಇನ್ನೂ ಒಳಗಿಂದ ಹಾಕಿಯೇ ಇತ್ತು.