ಒಂದು ವಾರ ಮುಂಚೆ ಕೇಳಿದ ಕಚೇರಿ

ವಿಮಾನ ನಿಲ್ದಾಣದ ಸಾಲು ಭೂಮಿಗೆ ಒಂದು ಸುತ್ತು ಹಾಕುವಷ್ಟು ಉದ್ದವಿತ್ತು. ವಾರಾಂತ್ಯಕ್ಕೆಂದು ಪರದೇಶಕ್ಕೆ ಹಾರಿ, ಈಗ ಮನೆಗೆ ಹೊರಟಿದ್ದ ಅತ್ತೆ ಸೊಸೆ ಅದರ ನಡುವೆ ನಿಂತಿದ್ದರು. ಸೊಸೆಯ ಮುಖ ಹಿಂಡಿದ ನಿಂಬೆಹಣ್ಣಾಗಿತ್ತು. ಹಿಂದಿದ್ದವರ ಕಿವಿಗಳು ಮೊರದಗಲವಾಗಿದ್ದವು.

“ಅತ್ತೆ, ಸಂಗೀತ ಕಚೇರಿ ಮುಂದಿನ ಶನಿವಾರ, ನಾವು ಈ ಶನಿವಾರವೇ ಬಂದ್ಬಿಟ್ವಿ ಅಂತ ನಿಮ್ಮ ಮಗನಿಗೆ ಹೇಳ್ಬೇಡಿ. ಜನ್ಮ ಪೂರ್ತಿ ಆಡ್ಕೊಳ್ತಾರೆ.”

“ಬ್ಯಾಂಕಲ್ಲಿ ಕೂತು ಊರವರ ಚೆಕ್ಕಿನ ತಾರೀಕೆಲ್ಲ ನೋಡ್ತೀಯ, ನಮ್ಮ ಟಿಕೆಟ್ಟಿಂದು ಕಾಣಲಿಲ್ವೇನೇ?”

“ತಪ್ಪಾಯ್ತು. ಮ್ಯೂಸಿಯಂ ಆದ್ರೂ ನೋಡಿದ್ವಲ್ಲ.”

“ಮ್ಯೂಸಿಯಂ ಹಾಗಿರಲಿ. ಸಭಾಂಗಣದ ಬಾಗಿಲು ಕಾಯೋನು ಟಿಕೆಟ್ ನೋಡಿ ನಕ್ಕಾಗ, ನಾನು ಮೆಟ್ಟಿಲ ಮೇಲೆ ಕೂತು ಗೊಳೋ ಅಂತ ಅತ್ನಲ್ಲ, ಆ ನಾಟಕ ಹೇಗಿತ್ತು?”

“ನಾನೂ ನಿಜ ಅಂತ್ಲೇ ನಂಬಿದೆ! ಪಾಪ, ಅವನೇ ಕೈ ಹಿಡಿದು ಒಳಗೆ ಕರ್ಕೊಂಡು ಹೋದ.”

“ಇಡೀ ಸಭಾಂಗಣಕ್ಕೆ ನಾವಿಬ್ಬರೇ! ಅಭ್ಯಾಸ ಮಾಡ್ತಿದ್ದ ಆ ಗಾಯಕಿ ನನ್ನ ಇಷ್ಟದ ಹಾಡು ಎಷ್ಟು ಸಲ ಹಾಡಿದ್ಲೇ?”

“ಡ್ರಮ್ಮಿನೋನು ತಾಳ ತಪ್ಪಿದಾಗೆಲ್ಲ ಮತ್ತೆ ಮೊದಲಿಂದ. ಕೊನೆಗೆ ನೀವೇ ಚಪ್ಪಾಳೆ ತಟ್ಟಿ ತಾಳ ಹಾಕಿಕೊಟ್ರಿ.”

“ಸರಿಯಾದ ದಿನ ಬರೋರಿಗೆ ಒಂದೇ ಸಲ ಕಣೇ!”

ಸೊಸೆ ನಗುವಷ್ಟರಲ್ಲಿ ಗಂಡನ ಫೋನ್ ಬಂತು. ಅವಳ ಜೀವ ಬಾಯಿಗೆ ಬಂತು. ಅತ್ತೆ ಫೋನ್ ಕಸಿದುಕೊಂಡರು.

“ಕಚೇರಿನಾ? ಸ್ವರ್ಗಕ್ಕೆ ಮೂರೇ ಗೇಣು ಕಣೋ! ಅರ್ಧ ಮುಗೀತು. ಉಳಿದರ್ಧ ಮುಂದಿನ ಶನಿವಾರ, ಟಿಕೆಟ್ ಕೈಯಲ್ಲೇ ಇದೆ. ದೊಡ್ಡ ಕಲಾವಿದರದ್ದೆಲ್ಲ ಹಾಗೇನೇ, ನಿನಗೇನು ಗೊತ್ತು?”

ಸಾಲು ಸರಿದು ದಾರಿಯಾಯಿತು. ದೇಶ ಗೆದ್ದ ಮಹಾರಾಣಿಯಂತೆ ಅತ್ತೆ ಮುಂದೆ ನಡೆದರು. ಸೊಸೆ ಇಬ್ಬರ ಚೀಲಗಳನ್ನೂ ಎಳೆಯುತ್ತಾ, ಕುಣಿಯುತ್ತಾ ಹಿಂಬಾಲಿಸಿದಳು.