ಈರಮ್ಮನ ಗಂಟು, ಮುದ್ದಿಯ ಗಂಟು

ಕೇಳ್ರಪ್ಪಾ ಕೇಳಿ, ಕೂತವರೂ ಕೇಳಿ, ಒರಗಿದವರೂ ಕೇಳಿ. ಹೆಸರು ಮರೆತುಹೋದ ಒಂದು ರಾಜ್ಯ. ಅಲ್ಲಿ ಅರಮನೆ ಬಟ್ಟೆ ಒಗೆಯೋ ಇಬ್ಬರು ವಾರಗಿತ್ತಿಯರು. ಹಿರಿಯವಳು ಈರಮ್ಮ, ಕಿರಿಯವಳು ಮುದ್ದಿ. ಇಬ್ಬರಿಗೂ ಒಂದೇ ಹೊಳೆ, ಒಂದೇ ತೂಕದ ಗಂಟು. ಅರಮನೆ ಊಳಿಗದ ಯಜಮಾನಿ ಒಬ್ಬಳಿದ್ದಳು, ಒಂದೊಂದು ಬಟ್ಟೇನೂ ಬಿಸಿಲಿಗೆ ಹಿಡಿದು ನೋಡೋಳು. ಒಂದು ಕಲೆ ಕಂಡರೆ ಇಡೀ ಗಂಟು ಮಣ್ಣಿಗೆ, ವಾಪಸು ಹೊತ್ತು ತಂದು ಮತ್ತೆ ಒಗೀಬೇಕು! ಮೇಲೆ ಬಾಯಿಗೆ ಬಂದ ಬೈಗುಳ.

ಬೈಸಿಕೊಂಡು ಮುದ್ದಿ ಏನು ಮಾಡೋಳು? ಹೊಸಿಲು ದಾಟೋದರೊಳಗೆ ಮರೆತು, ಮನೇಲಿ ಎರಡು ಮುದ್ದೆ ನುಂಗೋಳು. ಈರಮ್ಮ? ಆ ಮಾತು ಉಣ್ಣುವಾಗ ಅವಳ ಗಂಟಲಲ್ಲಿ, ಮಲಗುವಾಗ ಎದೆಯ ಮೇಲೆ. ಗೋಡೆಯಾಚೆ ಮುದ್ದಿಯ ನಗು ಕೇಳಿದರೆ ಹೊಟ್ಟೆ ಧಗಧಗ ಉರಿಯೋದು.

"ಅವಳ ಗಂಟು ಹಗುರ ಇರಬೇಕು" ಅಂತ ಗಂಟು ಅದಲುಬದಲು ಮಾಡಿದಳು. ಸಂಕಟ ಹೋಯಿತಾ? ಇಲ್ಲ. "ಅವಳು ಒಗೆಯೋ ಕಲ್ಲಲ್ಲೇ ಏನೋ ಇದೆ" ಅಂತ ಮುಂಚೆ ಹೋಗಿ ಆ ಕಲ್ಲು ಹಿಡಿದಳು. ಹೋಯಿತಾ? ಇಲ್ಲ. "ಬೈಸಿಕೊಂಡ ಮೇಲೆ ಎಲೆಯಡಿಕೆ ಹಾಕ್ತಾಳಲ್ಲ, ಅದರಲ್ಲೇ ಮದ್ದು" ಅಂತ ಅವಳ ಸಂಚಿಯಿಂದಲೇ ಕದ್ದು ಜಗಿದಳು. ಹೋಯಿತಾ? ಬಾಯಿ ಕೆಂಪಾಯಿತು, ಅಷ್ಟೆ.

ಬರಬರುತ್ತಾ ಈರಮ್ಮನ ಹಸಿವು ಸತ್ತಿತು, ಆಸೆ ಸತ್ತಿತು. ಒಂದು ಬೆಳಗ್ಗೆ ಏಳಲೇ ಇಲ್ಲ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮೂರು ದಿನವಾಯಿತು. ಜನ ಮೈಗಳ್ಳಿ ಅಂದರು. ಮೈಗಳ್ಳತನವೇನ್ರಪ್ಪಾ ಅದು? ಬದುಕೇ ಬೇಡವಾಗಿತ್ತು ಅವಳಿಗೆ. ನಾಳೆ ಬಾರದಿದ್ದರೆ ಅವಳ ಕೆಲಸ ಬೇರೆಯವರಿಗೆ ಅಂತ ಅರಮನೆಯಿಂದ ಹೇಳಿಕೆಯೂ ಬಂತು.

ಮುದ್ದಿ ಗಂಜಿ ಹಿಡಿದು ಬಂದಳು. "ಏಳಕ್ಕಾ, ಒಂದು ಗುಟುಕು ಕುಡಿ."

"ಹೋಗೇ ಆಚೆ! ನಿನ್ನ ಕಂಡ್ರೆ ಹೊಟ್ಟೆ ಉರೀತದೆ ಕಣೇ. ಅದೇ ಬೈಗುಳ ನೀನೂ ತಿಂತೀಯ, ನಾನೂ ತಿಂತೀನಿ. ನಿಂಗ್ಯಾಕೆ ನಾಟಲ್ಲ?"

ಮುದ್ದಿ ಪಕ್ಕದಲ್ಲೇ ಕುಕ್ಕರಿಸಿದಳು. "ನಂಗೂ ನಿನ್ನ ಕಂಡ್ರೆ ಹೊಟ್ಟೆಕಿಚ್ಚೇ ಅಕ್ಕಾ. ನಿನ್ನ ಗಂಟು ಮಣ್ಣಿಗೆ ಬೀಳೋದು ತಿಂಗಳಿಗೊಂದು ಸಲ. ನಂದು ದಿನಾ ಬೀಳ್ತದೆ. ಬೈದಿದ್ದೂ ಮರೀತೀನಿ, ಕಲೆ ಎಲ್ಲಿತ್ತು ಅನ್ನೋದೂ ಮರೀತೀನಿ. ನಿನ್ನ ಕಣ್ಣು ನಂಗೆಲ್ಲಿ ಬರಬೇಕು?"

ಈರಮ್ಮ ಈಚೆ ತಿರುಗಿದಳು. ಇವಳಿಗೂ ತನ್ನ ಮೇಲೆ ಹೊಟ್ಟೆಕಿಚ್ಚಾ! ಆ ಮಾತು ಎಷ್ಟು ಹಿತವಾಯಿತು ಅಂತೀರಿ, ಅರ್ಧ ಬಟ್ಟಲು ಗಂಜಿ ಒಳಗಿಳಿಯಿತು.

"ಹಿಂಗೆ ಮಾಡಾನ" ಅಂದಳು ಮುದ್ದಿ. "ಕಲೆ ಹುಡುಕೋದು ನಿಂದು, ಬೈಸ್ಕೊಳ್ಳೋದು ನಂದು."

ಮಾರನೆ ದಿನ ಈರಮ್ಮ ಹೊಳೆಗೆ ಇಳಿದಳು. ಇಬ್ಬರ ಬಟ್ಟೇನೂ ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದಳು. ಎರಡೂ ಗಂಟು ಹೊತ್ತು ಮುದ್ದಿ ಅರಮನೆಗೆ ಹೋದಳು. ಈರಮ್ಮ ದಾರಿ ನೋಡುತ್ತಾ ಬಾಗಿಲಲ್ಲೇ ಕೂತಳು. ಮುದ್ದಿ ಬರಿಗೈಲಿ ಬಂದಳು.

"ಏನಂದ್ಲೇ?"

"ಏನೋ ಅಂದ್ಲು."

"ಏನೋ ಅಂದ್ರೆ?"

"ಅಯ್ಯೋ, ದಾರೀಲೇ ಮರ್ತೋಯ್ತಕ್ಕ!"

ಉರಿಯಬೇಕಿತ್ತು ಈರಮ್ಮನಿಗೆ, ನಗು ಬಂತು. "ನಿನ್ನ ಮರೆವಿಗಿಷ್ಟು ಬೆಂಕಿ ಹಾಕ" ಅಂತ ಬೈದು, ಉಣ್ಣೋಕೆ ಕೂತಳು. ಒಂದು ಮುದ್ದೆ ಉಂಡಳು. ಮುದ್ದಿಯ ತಟ್ಟೆ ಕಡೆ ಒಂದು ಸಲ ಓರೆಗಣ್ಣಲ್ಲಿ ನೋಡಿ, ತಾನೂ ಇನ್ನೊಂದು ಹಾಕಿಸಿಕೊಂಡಳು.

ಅವರು ಅಲ್ಲಿ ಕೈ ತೊಳೆದರು, ನಾನು ಇಲ್ಲಿ ಬಾಯಿ ಮುಚ್ಚಿದೆ. ಆ ಎಲೆಯಡಿಕೆ ತಟ್ಟೆ ಸ್ವಲ್ಪ ಈಚೆ ಸರಿಸಿ.