ನಂಜನ ಕಾಗದದಲ್ಲಿದ್ದ ಒಂದಕ್ಷರ

…ನಗ್ಬೇಡ ನನ್ನ ಕಣ್ಣು, ತಮಿಳಕ್ಷರದಲ್ಲಿ ಕನ್ನಡ ಬರೀತೀವಲ್ಲ ನಾವು, ನಮಗೆ ಬೇರೆ ಅಕ್ಷರ ಬರಲ್ಲ, ಏನ್ಮಾಡೋದು, ಆದ್ರೆ ಅದ್ರಲ್ಲಿ ಕ-ಗೂ ಗ-ಗೂ ಒಂದೇ ಅಕ್ಷರ, ಅದ್ರಿಂದ್ಲೇ ನನ್ನ ತಮ್ಮನ್ನ ಕಳ್ಕೊಂಡೆ. ನಂಜ ಅಂತ. ಗಣಪತಿ ಅನ್ನೋ ಊರಲ್ಲಿ ಪಂಪು ಮಾಡೋ ಪಟ್ಟರೇಲಿ, ಅದೇ ಕಾರ್ಖಾನೇಲಿ, ಕೆಲಸಕ್ಕಿದ್ದ. ಇಂಜಿನ್ನಿಗೆ ಕಿವಿಗೊಟ್ಟೇ ಅದರ ಕಾಯಿಲೆ ಹೇಳೋನು. ಇಸವಿ ಎಂಬತ್ತು ದಾಟಿತ್ತು, ನಿಮ್ಮಪ್ಪ ಆಗ ಮೂರನೇ ಕ್ಲಾಸು, ಅಲ್ಲಲ್ಲ, ನಾಲ್ಕು, ನಂಜ ರಾಮೇಶ್ವರದ ಕಡೆ ಬೋಟಿಗೆ ಇಂಜಿನ್ ಕೂರಿಸೋಕೆ ಹೋದ. ಅಲ್ಲಿಂದ ಒಂದು ಕಾಗದ ಬಂತು. ‘ಅಕ್ಕ, ಇಲ್ಲಿ ಕಡಿ ಕಾಟ ಜಾಸ್ತಿ. ಹೊಸ ಇಂಜಿನ್ ಜೊತೆ ನಾನೂ ಸಮುದ್ರಕ್ಕೆ ಹೋಗ್ಬೇಕಂತೆ. ಹೋಗ್ಲಾ, ಬೇಡ್ವಾ? ನೀನು ಹೇಳಿದ ಹಾಗೆ.’ ಹಾಗೇ ಓದಿದೆ ನಾನು. ಕಡಿ ಅಂದ್ರೆ ಸೊಳ್ಳೆ ಕಡಿಯೋದು, ಇನ್ನೇನು? ಬಿದ್ದು ಬಿದ್ದು ನಕ್ಕೆ. ನಿಮ್ಮ ತಾತಂಗೂ ಹೇಳ್ದೆ, ‘ಇಲ್ನೋಡಿ, ಇಷ್ಟೆತ್ತರ ಗಂಡಸು ಸೊಳ್ಳೆಗೆ ಹೆದರ್ತಾನೆ!’ ಆವತ್ತೇ ಬರೆದೆ, ‘ಬೇವಿನೆಣ್ಣೆ ಹಚ್ಕೊಂಡು ಹೋಗೋ ಪುಕ್ಕಲಾ.’ ಪುಕ್ಕಲ ಅಂತ ಬರೆದೆ, ಈ ಕೈಯಲ್ಲೇ.

ಆಮೇಲೆ ಬೋಟಿನ ಯಜಮಾನರು ಸೂಲೂರಿಗೆ ನಮ್ಮನೆ ಹುಡುಕ್ಕೊಂಡು ಬಂದ್ರು, ಕೈಯಲ್ಲಿ ನಂಜನ ಬಟ್ಟೆ ಗಂಟು. ‘ಬೋಟು ವಾಪಸ್ ಬರ್ಲಿಲ್ಲ ತಾಯಿ. ಇಂಜಿನ್ ನಿಂತು ಆಚೆ ಹೋಯ್ತೋ, ಮುಳುಗ್ತೋ, ಗೊತ್ತಿಲ್ಲ’ ಅಂದ್ರು. ‘ಆಚೆ ಅಂದ್ರೆ?’ ಅಂದೆ. ‘ಎರಡು ಸರ್ಕಾರನೂ ಸೇರಿ ಸಮುದ್ರಕ್ಕೆ ಎಲ್ಲೆ ಹಾಕವ್ರೆ. ಈಚೆ ನೀರು, ಮೀನು, ತಳದಲ್ಲಿರೋದು ಎಲ್ಲಾ ನಮ್ದು, ಆಚೇದು ಸಿಲೋನಿನೋರ್ದು. ದಾಟಿದ್ರೆ ಹಿಡೀತಾರೆ.’ ನಿಮ್ಮ ತಾತ ಹೊಲದ ಮನುಷ್ಯ, ‘ನೀರಲ್ಲಿ ಎಲ್ಲೆ ಕಲ್ಲು ಎಲ್ಲಿ ನೆಟ್ಟವ್ರೆ ಸಾಮೀ?’ ಅಂತ ಕೇಳಿದ್ರು. ‘ಕಲ್ಲಿಲ್ಲ. ಅದಕ್ಕೇ ಎಲ್ರಿಗೂ ಭಯ. ನಂಜನಿಗೂ ಭಯ ಇತ್ತು, ನಮ್ಮಕ್ಕ ಹೋಗು ಅಂದ್ರೆ ಬರ್ತೀನಿ ಅಂದಿದ್ದ.’

ಎಲ್ಲೆ. ನಾವು ಮನೇಲಿ ಎಲ್ಲೆ ಅಂತಲೇ ಅನ್ನೋದು. ಪಟ್ಟರೇಲಿ ಒಬ್ರು ಮೈಸೂರಿನ ಮೇಸ್ತ್ರಿ ಇದ್ರು, ಅವರು ಎಲ್ಲೆಗೆ ಗಡಿ ಅನ್ನೋರು, ನಂಜ ಅದನ್ನ ಕಲ್ತು ನನ್ನ ಮುಂದೆ ಜಂಬ ಕೊಚ್ಚೋನು. ಓಡಿ ಹೋಗಿ ಕಾಗದ ತೆಗೆದೆ. ಕಡಿ ಅಲ್ಲ ಕಣ್ಣು, ಗಡಿ. ಗಡಿ ಕಾಟ. ನನ್ನನ್ನೇ ಕೇಳಿದ್ದ, ಹೋಗ್ಲಾ ಬೇಡ್ವಾ ಅಂತ ನನ್ನನ್ನೇ ಕೇಳಿದ್ದ. ನಾನು ನಕ್ಕು ಕಳಿಸ್ದೆ. ಇವತ್ತಿಗೂ ಕೈ ಮೇಲೆ ಸೊಳ್ಳೆ ಕೂತ್ರೆ ಹೊಡೆಯೋಕೂ ಮನಸ್ಸು ಬರಲ್ಲ ನಂಗೆ.

ಅದಕ್ಕೇ ಹೇಳ್ತೀನಿ, ಯಾರಾದ್ರೂ ನಂಗೆ ಭಯ ಅಂದ್ರೆ ನಗ್ಬೇಡಿ. ಯಾತಕ್ಕಪ್ಪಾ ಅಂತ ಒಂದು ಮಾತು ಕೇಳಿ.